ಮಖಮಲ್ ಪೆಟ್ಟಿಗೆಯ ಡ್ರಿಲ್ ಮಷೀನು

ಸರ್ಕಾರಿ ವರ್ಕ್‌ಶಾಪಿನಲ್ಲಿ ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಾವು ಬರುವುದಕ್ಕೆ ಮೊದಲೇ ಅವು ಬಂದು ಹಾಜರಿ ಹಾಕಿ ಕೂತಿರುತ್ತವೆ. ಆಗ ನನಗೆ ಸಿಟ್ಟು ಬರುತ್ತಿತ್ತು. ಈಗ ನೆನೆದರೆ ನಗು ಬರುತ್ತದೆ. ಸಿಟ್ಟೂ ಪೂರ್ತಿ ಹೋಗಿಲ್ಲ ಅನ್ನಿ.

ಎಪ್ಪತ್ತರ ದಶಕದ ನಡುವಿನ ಮಾತು. ಗಂಗಾವತಿಯ ಹೊರಗೆ, ಕಾಲುವೆಯ ಗೇಟು ರಿಪೇರಿ ಮಾಡುವ ಒಂದು ತಗಡಿನ ಶೆಡ್ಡಿನಲ್ಲಿ ನಾನು ಫಿಟ್ಟರ್ ಆಗಿದ್ದೆ. ಗೇಟಿನ ದಪ್ಪ ಕಬ್ಬಿಣಕ್ಕೆ ತೂತು ಕೊರೆಯುವುದೆಲ್ಲ ಕೈ ಡ್ರಿಲ್ಲಿನಲ್ಲಿಯೇ. ಎದೆಯಿಂದ ಒತ್ತಬೇಕು, ಕೈಯಿಂದ ಹಿಡಿ ತಿರುವಬೇಕು. ಒಂದು ತೂತು ಆಚೆ ಕಾಣುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಹಿಂಗೆ ತಿರುವಿ ತಿರುವಿ ನಮ್ಮ ಹಿರಿಯ ಫಿಟ್ಟರ್ ಕಾಕಾನ ಬಲಗೈ ಭುಜದಿಂದ ಮೇಲೆ ಏಳದ ಹಾಗೆ ಆಗಿತ್ತು. ಕೊಪ್ಪಳದ ಡಾಕ್ಟರು, 'ಇನ್ನ ತಿರುವಿದ್ರ ಕೈ ಹೋಗತೈತಿ ನೋಡು' ಎಂದರಂತೆ. 'ತಿರುವದಿದ್ರ ಹೊಟ್ಟಿ ಹೋಗತೈತ್ರಿ' ಎಂದು ಹೇಳಿ ಕಾಕಾ ಎದ್ದು ಬಂದಿದ್ದ.

ಕರೆಂಟಿನ ಡ್ರಿಲ್ ಮಷೀನು ಕೊಡಿಸಿರಿ ಎಂದು ನಾವು ಸಾಹೇಬರ ಟೇಬಲ್ಲಿನ ಮುಂದೆ ಒದರಿದ್ದಕ್ಕೆ ಲೆಕ್ಕವಿಲ್ಲ. ಕೊನೆಗೂ ಒಂದು ಬಂತು.

ಬೆರಳಿಲ್ಲದ ಅಳತೆ

ಮಷೀನು ಬಂದ ದಿನ ಕಾಕಾ ಅದನ್ನು ಬಾಣಂತಿಯ ಕೈಯಿಂದ ಕೂಸು ಎತ್ತಿಕೊಂಡ ಹಾಗೆ ಎತ್ತಿಕೊಂಡ. ಸಾಹೇಬರು ಹೌಹಾರಿದರು.

'ಕೆಳಗಿಡಪಾ, ಕೆಳಗಿಡು! ಧೂಳು ಹತ್ತೀತು! ಅದಕ್ಕೊಂದು ಪೆಟ್ಟಿಗಿ ಆಗೋತನಕ ಯಾರೂ ಮುಟ್ಟಬ್ಯಾಡ್ರಿ.'

ಎಂಥ ಪೆಟ್ಟಿಗೆ? ಮಷೀನಿಗೆ ಒಂದು ಗೂಡು, ಅದರ ಮೂತಿಗೆ ಸಿಕ್ಕಿಸುವ ಕೊರೆಯುವ ಕಡ್ಡಿ, ಅಂದರೆ ಬಿಟ್, ಒಂದೊಂದಕ್ಕೂ ಒಂದೊಂದು ಗೂಡು, ಬಿಗಿ ಮಾಡುವ ಚಾವಿಗೊಂದು ಗೂಡು. ಎಲ್ಲಾ ಅಳತೆಗೆ ಸರಿಯಾಗಿ, ಒಳಗೆ ಕೆಂಪು ಮಖಮಲ್. ಊರಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಮಾಡುತ್ತಿದ್ದ ಬಡಗಿ ಚಾಚಾನಿಗೆ ಕೆಲಸ ಬಿತ್ತು. ಚಾಚಾ ಶೆಡ್ಡಿಗೇ ಬಂದು ಸಾಗವಾನಿ ಹಲಗೆಯ ಮೇಲೆ ಸಾಮಾನುಗಳನ್ನು ಮಲಗಿಸಿ, ಸುತ್ತ ಪೆನ್ಸಿಲ್ ಎಳೆದು, ಗೆರೆಗೆ ಗೆರೆ ಕೆತ್ತಿದ. ಇತ್ತ ಕಾಕಾ ಕೈ ಡ್ರಿಲ್ ತಿರುವುತ್ತಲೇ ಇದ್ದ.

ಪೆಟ್ಟಿಗೆ ಮುಗಿದ ದಿನ ಎಲ್ಲರೂ ಸುತ್ತ ನಿಂತೆವು. ಸುಳ್ಳು ಯಾಕೆ ಹೇಳಲಿ, ಮದುಮಗಳ ಹಾಗಿತ್ತು. ಸಾಹೇಬರು ತಾವೇ ಮಷೀನನ್ನು ಗೂಡಿನಲ್ಲಿ ಒತ್ತಿದರು. ಕೂದಲು ಹೋಗಲಿಕ್ಕೂ ಜಾಗವಿಲ್ಲದ ಹಾಗೆ ಕೂತಿತು.

'ಹಂಗಾರ ಕೆಲಸಾ ಸುರು ಮಾಡೂನೇನ್ರಿ?' ಎಂದು ಕಾಕಾ ತೆಗೆಯಲು ಹೋದ. ಬರಲಿಲ್ಲ. ಬೆರಳು ಹಾಕಲು ಸಂದು ಎಲ್ಲಿದೆ? ಸ್ಕ್ರೂಡ್ರೈವರ್ ತಂದರೆ ಸಾಹೇಬರು, 'ಮಖಮಲ್ ಹರದೀತು!' ಎಂದು ಅಡ್ಡ ಬಂದರು. ಕೊನೆಗೆ ಪೆಟ್ಟಿಗೆಯನ್ನು ಬೋರಲು ಹಿಡಿದು, ಗಂಟಲಿಗೆ ತುತ್ತು ಸಿಕ್ಕ ಹುಡುಗನ ಬೆನ್ನಿಗೆ ಗುದ್ದುವಂತೆ ಗುದ್ದಿದೆವು. ಮೊದಲು ಬಿಟ್‌ಗಳು ನಮ್ಮ ಕಾಲ ಮೇಲೆ ಬಿದ್ದವು. ಆಮೇಲೆ ಮಷೀನು ಕಾಕಾನ ಉಡಿಯಲ್ಲಿ ಬಿತ್ತು.

'ಚಾಚಾ, ಏನ್ ಪೆಟ್ಟಿಗಿ ಮಾಡಿಯಪಾ ಇದು? ಹಾಕಿದ್ದು ಹೊರಗ ಬರವಲ್ದಲ್ಲ!' ಎಂದ ಕಾಕಾ.

ಚಾಚಾ ನಿಧಾನವಾಗಿ ಬೀಡಿ ಹಚ್ಚಿದ. 'ಸಾಬರು ಇಡಾಕ ಪೆಟ್ಟಿಗಿ ಮಾಡು ಅಂದ್ರು. ಮಾಡೀನಿ. ತೆಗಿಯಾಕ ಅಂತ ಯಾರಂದ್ರು?'

ಬೈದು ಬೈದು ಚಾಚಾನ ಕೈಯಿಂದ ಬೆರಳ ಸಂದು ಕೆತ್ತಿಸಿಕೊಂಡೆವು. ಸಾಹೇಬರ ಮನಸ್ಸು ಮಾತ್ರ ಅವನು ಮೊದಲೇ ತಿಳಿದಿದ್ದ. ಮಷೀನು ಪೆಟ್ಟಿಗೆಗೆ ಹೋಯಿತು, ಪೆಟ್ಟಿಗೆ ಸ್ಟೋರಿಗೆ ಹೋಯಿತು, ಸ್ಟೋರಿನ ಕೀಲಿ ಸಾಹೇಬರ ಕಿಸೆಗೆ ಹೋಯಿತು.

ಖಾಲಿ ಗೂಡು

ಸಾಹೇಬರು ದಿನಾ ಬೆಳಿಗ್ಗೆ ಪೆಟ್ಟಿಗೆ ತೆರೆದು ದರ್ಶನ ಮಾಡುತ್ತಿದ್ದರು. ಒಂದು ದಿನ ಒಳಗಿನಿಂದ ಚೀರಿದರು.

'ಗೂಡು ಒಂಬತ್ತು ಅದಾವ, ಬಿಟ್ ಎಂಟ ಅದಾವ! ಒಂದು ಕಳುವಾಗೇತಿ!'

ಅಂದೇ ನಮ್ಮ ಬುತ್ತಿಗಂಟುಗಳನ್ನು ಬಿಚ್ಚಿಸಿದರು. ರೊಟ್ಟಿಯನ್ನು ಎತ್ತಿ ಎತ್ತಿ ಅಡಿಯಲ್ಲಿ ನೋಡಿದರು. ಕಾಕಾನ ತಲೆಯ ರುಮಾಲು ಬಿಚ್ಚಿ ಝಾಡಿಸಿದರು. ನನ್ನ ಮೈ ಉರಿಯಿತು. ಶೆಡ್ಡಿನಲ್ಲಿ ಮೂರು ಆಳಿನ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿವೆ, ಕೇಳುವ ಗಂಡಸಿಲ್ಲ. ಮಖಮಲ್ಲಿನ ಗೂಡು ಒಂದು ದಿನ ಖಾಲಿ ಕಂಡರೆ ಬಡವನ ರುಮಾಲು ಬಿಚ್ಚಿಸುತ್ತಾರೆ!

ಕಾಕಾ ತಣ್ಣಗೆ ಕೇಳಿದ: 'ಮುಟ್ಟಾಕ ಬಿಟ್ಟಿಲ್ಲ ಸಾಹೇಬ್ರ, ಕದಿಯೂದು ಎಲ್ಲಿಂದ ಬಂತ್ರೀ?'

ಆ ಹೊತ್ತಿಗೆ ಸರಿಯಾಗಿ ಚಾಚಾ ಬಾಗಿಲಲ್ಲಿ ಮುಖ ತೋರಿಸಿದ. 'ನನ್ನ ಸಣ್ಣ ಉಳಿ ಇಲ್ಲೇನರ ಐತೇನ್ರಿ? ಗೆರಿ ಎಳಿಯುವಾಗ ಬಿಟ್ಟುಗಳ ಸಾಲಿನಾಗ ಇಟ್ಟಿದ್ದೆ.'

ಸ್ಟೋರ್ ಕೀಪರ್ ಅಟ್ಟದ ಮೇಲಿಂದ ಒಂದು ಉಳಿ ತೆಗೆದ. ಖಾಲಿ ಗೂಡಿಗೆ ಹಿಡಿದ. ಟಕ್ಕನೆ ಕೂತಿತು. ಚಾಚಾ ಸಾಲಿನಲ್ಲಿದ್ದ ತನ್ನ ಉಳಿಗೂ ಗೆರೆ ಎಳೆದು, ಅದಕ್ಕೂ ಗೂಡು ಕೆತ್ತಿ, ಅದಕ್ಕೂ ಮಖಮಲ್ ಹಾಸಿದ್ದ.

'ಸಿಕ್ತು! ಎಲ್ಲಾ ಭರ್ತಿ ಆತು!' ಎಂದು ಸಾಹೇಬರು ಪೆಟ್ಟಿಗೆ ಮುಚ್ಚಿ ಕೀಲಿ ಹಾಕಿಯೇಬಿಟ್ಟರು.

'ಸಾಬ್, ಆ ಉಳಿ ನಂದ್ರೀ!'

'ಉಳಿ ನಿಂದ ಇರಬಹುದು,' ಎಂದರು ಸಾಹೇಬರು, 'ಗೂಡು ಸರ್ಕಾರದ್ದೈತಿ.'

ಕುಷ್ಟಗಿ ಸೀಮೆಯ ಅಜ್ಜಿ

ಆ ನಡುವೆ ತುರ್ತು ಪರಿಸ್ಥಿತಿ ಬಂತು. ಬಾಯಿ ತೆರೆದರೆ ಒಳಗೆ ಹಾಕುತ್ತಿದ್ದರು. ಹಳ್ಳಿಗಳಲ್ಲಿ ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು: ಜೀಪು ಬಂತೆಂದರೆ ಗಂಡಸರನ್ನು ಹಿಡಿದು ಮಕ್ಕಳಾಗದ ಹಾಗೆ ಮಾಡುವ ಆಪರೇಶನ್ನಿಗೆ ಒಯ್ಯುತ್ತಾರೆಂದು.

ಹನುಮಸಾಗರದ ಆಚೆ ಒಂದು ಕೆರೆಯ ತೂಬಿನ ಗೇಟು ಕೆಟ್ಟಿತ್ತು. ಸಾಹೇಬರಿಗೆ ಏನು ಹುರುಪು ಬಂತೋ, ಪೆಟ್ಟಿಗೆಯನ್ನೂ ಜೀಪಿಗೆ ಹಾಕಿಸಿದರು. ಊರ ಬೇವಿನ ಗಿಡದ ಕೆಳಗೆ ಜೀಪು ನಿಂತಿತು. ಬಿಳಿ ಅಂಗಿಯ ಸಾಹೇಬರು ಕಟ್ಟೆಯ ಮೇಲೆ ಪೆಟ್ಟಿಗೆ ಇಟ್ಟು ಮುಚ್ಚಳ ತೆರೆದರು. ಕೆಂಪು ಮಖಮಲ್ಲಿನಲ್ಲಿ ಬಿಟ್‌ಗಳು ಸಣ್ಣದರಿಂದ ದೊಡ್ಡದರವರೆಗೆ ಫಳಫಳ ಹೊಳೆದವು.

ಚಕ್ಕಾಬಾರ ಆಡುತ್ತಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಮರುಗಳಿಗೆಗೆ ಕಟ್ಟೆ ಖಾಲಿ, ಜೋಳದ ಹೊಲ ಮಾತ್ರ ಅಲುಗಾಡುತ್ತಿತ್ತು. ಚಪ್ಪಲಿಗಳು ಅಲ್ಲೇ ಬಿದ್ದಿದ್ದವು. ಉಳಿದವಳು ಒಬ್ಬಳೇ ಅಜ್ಜಿ. ಅವಳು ಪೆಟ್ಟಿಗೆಯ ಹತ್ತಿರ ಬಂದು ಎಲ್ಲಕ್ಕಿಂತ ದಪ್ಪ ಬಿಟ್ ನೋಡಿ ಎದೆ ಬಡಿದುಕೊಂಡಳು.

'ಇಷ್ಟು ದಪ್ಪಂದು ಮನಶ್ಯಾರಿಗೆ ಹಾಕ್ತೀರೇನೋ? ನಿಮ್ಮ ಕೈ ಸೇದಿ ಹೋಗಲಿ! ನಮ್ಮ ಮುದುಕಗ ಎಂಬತ್ತು ದಾಟ್ಯಾವು, ಅವನ್ನರ ಬಿಡ್ರೋ ಯಪ್ಪಾ!'

'ಮನಶ್ಯಾರಿಗಲ್ಲಬೇ, ಕಬ್ಬಿಣಕ್ಕ!' ಎಂದು ಕಾಕಾ ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕುಬೇಕಾಯಿತು. ಅಜ್ಜಿಯೇ ಹೊಲದ ಬದುವಿಗೆ ಹೋಗಿ, 'ಬರ್ರೋ ಹೇಡಿಗಳ್ರಾ, ಕಬ್ಬಿಣಕ್ಕಂತ!' ಎಂದು ಕೂಗಿದಳು. ಗಂಡಸರು ಒಬ್ಬೊಬ್ಬರೇ, ಧೋತರ ಭದ್ರಮಾಡಿಕೊಳ್ಳುತ್ತ ಬಂದರು.

'ಕರೆಂಟು ಎಲ್ಲೈತಿ?' ಎಂದರು ಸಾಹೇಬರು.

'ಕಂಬ ಬಂದಾವ್ರಿ. ತಂತಿ ಮುಂದಿನ ಎಲೆಕ್ಷನ್‌ಗೆ ಬರತಾವಂತ. ಎಲೆಕ್ಷನ್ ಯಾವಾಗ ಬರತೈತಿ, ನೀವ ಹೇಳಬೇಕ್ರಿ,' ಎಂದ ಊರವನೊಬ್ಬ.

ಸಾಹೇಬರು ಮುಚ್ಚಳ ಹಾಕಿದರು. ಕಾಕಾ ಕೈ ಡ್ರಿಲ್ಲಿಗೆ ಎದೆ ಕೊಟ್ಟ. ಅವನು ನರಳುತ್ತ ತಿರುವುವುದನ್ನು ನೋಡಿದ ಅಜ್ಜಿ ಸಾಹೇಬರ ಕಡೆ ತಿರುಗಿದಳು.

'ಅಷ್ಟು ಛಂದನ್ನ ಸಾಮಾನು ಪೆಟ್ಟಿಗ್ಯಾಗ ಮಲಗ್ಯಾವ, ಈ ಮುದುಕ ಸಾಯಾಕ ಹತ್ಯಾನ. ಮಷೀನಿಗೂ ಆಪರೇಶನ್ ಮಾಡಿಸೀರೇನು?'

ಸಾಹೇಬರ ಹುಕುಂ

ತುರ್ತು ಪರಿಸ್ಥಿತಿ ಹೋಯಿತು. ನಮ್ಮ ಬಾಯಿಗೆ ಜೀವ ಬಂತು. ಅದೇ ಹೊತ್ತಿಗೆ ಮರಳಿ ಎಂಬ ಊರಿನ ಕಡೆ ಭತ್ತಕ್ಕೆ ನೀರು ಬಿಡುವ ಹಂಗಾಮು, ಶೆಡ್ಡಿಗೆ ತಂದಿದ್ದ ದೊಡ್ಡ ಗೇಟಿನ ಕಬ್ಬಿಣದ ತುಂಬ ತೂತು ಕೊರೆಯಬೇಕಿತ್ತು. ಕಾಕಾ ಕೈ ಡ್ರಿಲ್ ಎತ್ತಲು ಹೋದ. ಎತ್ತಲಾಗದೆ ಕೆಳಗಿಟ್ಟು ಕೂತ. ಕಣ್ಣಲ್ಲಿ ನೀರಿತ್ತು.

ನಾವೆಲ್ಲ ಸ್ಟೋರಿನ ಬಾಗಿಲಿಗೆ ಅಡ್ಡ ಕೂತೆವು. 'ಪೆಟ್ಟಿಗ್ಯಾಗಿನ ಮಷೀನು ಕಾಕಾನ ಕೈಗೆ ಬರಲಿ!' ಎಂದು ನಾನು ಕೂಗು ಹಾಕಿದೆ. ಸಾಹೇಬರ ಕಷ್ಟ ಬೇರೆಯೇ ಇತ್ತು. ಮೇಲಿನ ಸಾಹೇಬರು ಯಾವ ಗಳಿಗೆಯಲ್ಲಾದರೂ ತಪಾಸಣೆಗೆ ಬರುವವರಿದ್ದರು, ಗೂಡು ಖಾಲಿ ಕಾಣಬಾರದು. ಇತ್ತ ಯಲಬುರ್ಗಾದ ಮೀಟಿಂಗಿಗೆ ಜೀಪು ಸ್ಟಾರ್ಟ್ ಆಗಿ ನಿಂತಿತ್ತು. ಕೀಲಿಯನ್ನು ನನ್ನ ಕೈಗೆ ಎಸೆದರು.

'ಬಳಸಿ ಸಾಯ್ರಿ! ಆದ್ರ ಮಷೀನು ಪೆಟ್ಟಿಗಿ ಬಿಟ್ಟು ಹೊರಗ ಬಂದ್ರ ನಿಮ್ಮ ನೌಕರಿ ಇರಂಗಿಲ್ಲ!'

ಜೀಪು ಹೋಯಿತು. ಎಲ್ಲರೂ ನನ್ನ ಮುಖ ನೋಡಿದರು.

'ಹುಕುಂ ಅಂದ್ರ ಹುಕುಂ,' ಎಂದೆ. 'ಚಾಚಾನ್ನ ಕರೀರಿ.'

ಚಾಚಾ ಓಡುತ್ತ ಬಂದ. ಪೆಟ್ಟಿಗೆಯ ಮುಂದಿನ ಹಲಗೆಗೆ ಬಿಟ್ ಹೊರಗೆ ಚಾಚುವಷ್ಟು ಒಂದು ತೂತು, ಹಿಂದೆ ವೈರಿಗೆ ಒಂದು ತೂತು, ಮುಚ್ಚಳದಲ್ಲಿ ಕಾಕಾ ಕೈ ಹಾಕಿ ಗುಂಡಿ ಒತ್ತಲಿಕ್ಕೆ ಒಂದು ತೂತು ಕೊರೆದ. ಮಷೀನು ತನ್ನ ಗೂಡಿನಲ್ಲಿ ಸುಖವಾಗಿ ಮಲಗಿತ್ತು. ಮುಚ್ಚಳ ಹಾಕಿ ಕೊಂಡಿ ಬಿಗಿದು, ಈ ಕಡೆ ಇಬ್ಬರು ಆ ಕಡೆ ಇಬ್ಬರು ಪೆಟ್ಟಿಗೆ ಎತ್ತಿ ಗೇಟಿನ ಎದುರು ಹಿಡಿದೆವು. ಕಾಕಾ ತೂತಿನಲ್ಲಿ ಕೈ ಹಾಕಿ ಗುಂಡಿ ಒತ್ತಿದ.

ಪೆಟ್ಟಿಗೆ ಒಳಗೆ ಹುಲಿ ಹೊಕ್ಕ ಹಾಗೆ ಗರ್ಜಿಸಿತು. ಹಿಡಿದ ನಾಲ್ವರ ಹಲ್ಲು ಕಟಕಟ ಎಂದವು. ಕಬ್ಬಿಣದ ಸುರುಳಿ ಸುರುಸುರು ಬಿತ್ತು. ಒಂದು ತೂತಾಯಿತು! ಕಾಕಾ, 'ಸರಕಸ್ರೋ, ಈ ಕಡೆ ಸರಕಸ್ರಿ!' ಎಂದು ಹುರುಪಿನಿಂದ ಕೂಗಿದ. ಪಲ್ಲಕ್ಕಿ ಹೊತ್ತವರ ಹಾಗೆ ಸರಿದೆವು, ಮತ್ತೊಂದು ತೂತು. ರಸ್ತೆಯ ಜನ ಎಲ್ಲ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಸಾಹೇಬರು ಸಂಜೆಯೊಳಗೇ ಮರಳಿದರು. ಜೀಪಿನಿಂದ ಹಾರಿ ಬಂದು ಪೆಟ್ಟಿಗೆಯ ತೂತುಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಚೀರಿದ್ದು ಮಷೀನಿಗಾಗಿ ಅಲ್ಲ.

'ಪೆಟ್ಟಿಗಿ! ನನ್ನ ಪೆಟ್ಟಿಗಿ ಹಾಳು ಮಾಡಿದ್ರಲ್ಲೋ! ಹೊರಗ ತೆಗೀರಿ ಅದನ್ನ!'

'ಹೊರಗ ತೆಗಿಯಾಕ ಹುಕುಂ ಇಲ್ರಲ್ಲ ಸಾಹೇಬ್ರ,' ಎಂದೆ.

'ನಾನ ಹೇಳಾಕ ಹತ್ತೀನಿ, ತೆಗೀರಿ! ಇನ್ನ ಮ್ಯಾಲ ಅದು ಪೆಟ್ಟಿಗ್ಯಾಗ ಬರೂದ ಬ್ಯಾಡ!'

ಊರ ಜನರ ಮುಂದೆ ಆಡಿದ ಮಾತು. ಬಿಟ್‌ಗಳನ್ನೆಲ್ಲ ನಾವು ಹೊರಗೆ ತೆಗೆದುಕೊಂಡೆವು, ಚಾಚಾ ತನ್ನ ಉಳಿ ಎತ್ತಿಕೊಂಡ, ಮಷೀನು ಅಲ್ಲಿಯೇ ಕಾಕಾನ ಕೈಗೆ ಬಂತು. ಗುಂಡಿ ಒತ್ತಿದರೆ ಸಾಕು, ತಿರುವುವ ಹಂಗಿಲ್ಲ. ಅವನು ಗೇಟಿನ ಕಡೆ ತಿರುಗಿದವನು ಯಾರ ಕಡೆಗೂ ನೋಡಲಿಲ್ಲ.

ಅಷ್ಟರಲ್ಲಿ ಇನ್ನೊಂದು ಜೀಪು ಬಂದು ನಿಂತಿತು. ಬೆಂಗಳೂರು ಕಡೆಯ ಮೇಲಿನ ಸಾಹೇಬರು ಇಳಿದು ನೇರ ಪೆಟ್ಟಿಗೆಯ ಹತ್ತಿರ ಬಂದು ಮುಚ್ಚಳ ಎತ್ತಿದರು. ಗೂಡುಗಳೆಲ್ಲ ಖಾಲಿ.

'ಏನ್ರೀ ಇದು? ಸಾಮಾನೆಲ್ಲಾ ಎಲ್ಲಿ?'

ನಮ್ಮ ಸಾಹೇಬರು ಕಣ್ಣು ಕೂಡ ಮಿಟುಕಿಸಲಿಲ್ಲ. 'ಕೆಲಸದ ಮ್ಯಾಲ ಅದಾವ್ ಸರ್. ಪೆಟ್ಟಿಗ್ಯಾಗ ಇಡಾಕ ನಾನು ಯಾವತ್ತೂ ಬಿಡಂಗಿಲ್ಲ.'

'ಶಭಾಶ್. ಮತ್ತೆ ಈ ತೂತುಗಳು ಯಾಕೆ?'

ಸಾಹೇಬರು ನನ್ನ ಕಡೆ ನೋಡಿದರು. ನಾನು ತೊಲೆಯ ಕಡೆ ನೋಡಿದೆ.

'ಗಾಳಿ ಆಡಾಕ ಸರ್. ಕಬ್ಬಿಣದ ಸಾಮಾನು, ಜಂಗು ಹಿಡಿಬಾರದಂತ.'

'ಬಹಳ ಒಳ್ಳೇ ಐಡಿಯಾ ಕಣ್ರೀ! ಇದುವರೆಗೂ ಯಾರಿಗೂ ಹೊಳೆದಿರಲಿಲ್ಲ. ನಮ್ಮ ಎಲ್ಲಾ ವರ್ಕ್‌ಶಾಪಿಗೂ ಇಂಥದೇ ತೂತಿನ ಪೆಟ್ಟಿಗೆ ಮಾಡಿಸಿ. ಮಾಡಿದವನು ಯಾರು?'

ಚಾಚಾ ಮುಂದೆ ಬಂದು ಸಲಾಂ ಹೊಡೆದ. ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು, ಹಲಗೆಯ ಮೇಲೆ ಗೆರೆ ಎಳೆಯಲು ಸಿದ್ಧನಾಗಿ, ಭಾರೀ ಅದಬಿನಿಂದ ತಲೆ ಬಾಗಿಸಿ ಕೇಳಿದ:

'ಎಷ್ಟು ಇಂಚಿನ ಗಾಳಿ ಬೇಕ್ರೀ ಸಾಬ್?'