ಯುದ್ಧನೌಕೆಗೆ ಲಿಂಬೆಹಣ್ಣು

ಆಕಾಶದಲ್ಲಿ ಯುದ್ಧ ಮಾಡುವ ಹಡಗು ತಯಾರಿಸಿ ಹೊಟ್ಟೆ ಹೊರೆಯುವವರಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಒಂದು ದಿನ ಏನೂ ಆಗದಿದ್ದರೆ ನನಗೇ ಹೆದರಿಕೆಯಾಗುತ್ತದೆ, ನಾಳೆಗೆ ಎರಡು ಸೇರಿಸಿ ಇಟ್ಟಿದ್ದಾರೋ ಎಂದು.

ಬನ್ನಂಜೆಯಲ್ಲಿ ನನ್ನದೊಂದು ಶೆಡ್ಡು ಉಂಟು. ಮದುವೆ ಮಂಟಪ, ಶಾಲೆಗಳ ವಾರ್ಷಿಕೋತ್ಸವದ ಸ್ಟೇಜು, ಥರ್ಮಾಕೋಲಿನ ಹಂಸ, ಇಂಥದ್ದೆಲ್ಲ ಮಾಡಿಕೊಂಡು ಸುಖವಾಗಿದ್ದೆ. ಒಂದು ದಿನ ಮಣಿಪಾಲದ ಡೈರೆಕ್ಟರ್ ಒಬ್ಬರು ಬಂದರು. ಟಿವಿಗೆ ಬಾಹ್ಯಾಕಾಶ ಯುದ್ಧದ ಧಾರಾವಾಹಿ ಮಾಡಲು ಹೊರಟ ಹುಡುಗ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ನನ್ನ ಹಂಸದ ಸುತ್ತ ಎರಡು ಸುತ್ತು ಬಂದು, "ಮೇಡಂ, ಇದರ ಕತ್ತು ತೆಗೆದು ಫಿರಂಗಿ ಇಟ್ಟರೆ ಯುದ್ಧನೌಕೆ" ಎಂದರು. ನಾನು ಕತ್ತು ತೆಗೆದೆ.

ಆದರೆ ಒಂದು ಕಂಡಿಷನ್ ಇತ್ತು. ಮೊದಲ ಯುದ್ಧದ ಕೊನೆಯ ದೃಶ್ಯ ನೋಡಲು ಚಾನೆಲ್ಲಿನ ದೊಡ್ಡವರು ಸ್ವತಃ ಬರುತ್ತಾರೆ. ಅವರಿಗೆ ನೌಕೆ ಮೆಚ್ಚುಗೆಯಾದರೆ ಮುಂದಿನದ್ದೆಲ್ಲ ನಮ್ಮ ಶೆಡ್ಡಿಗೆ. ಇಲ್ಲದಿದ್ದರೆ ಬೆಂಗಳೂರಿನ ಕಂಪ್ಯೂಟರಿನವರಿಗೆ. ಹಾಗಾದರೆ ನಾನು ಪುನಃ ಹಂಸಕ್ಕೆ ಕತ್ತು ಅಂಟಿಸುತ್ತಾ ಕೂರುವುದೇ.

ನೀರಿಲ್ಲದ ಹಡಗು

ಸಂತೆಕಟ್ಟೆಯ ಒಂದು ಸಭಾಂಗಣದಲ್ಲಿ ಮದುವೆ ಊಟ. ಪಕ್ಕದ ಎಲೆಯಲ್ಲಿ ಕುಳಿತಿದ್ದ ಹೆಂಗಸು ಕೇಳಿದರು, "ಈಗ ಎಂತ ಮಾಡ್ಕೊಂಡು ಇದ್ದೀರಿ?"

"ಯುದ್ಧನೌಕೆ ಮಾಡುವುದು."

ಅವರು ಪಾಯಸದ ಲೋಟ ಕೆಳಗಿಟ್ಟರು. "ನೇವಿಯದ್ದಾ?"

"ಅಲ್ಲ, ಆಕಾಶದ್ದು."

"ಹಾಗಾದರೆ ವಿಮಾನ ಹೇಳಿ."

"ವಿಮಾನ ಅಲ್ಲ ಮಾರಾಯ್ರೆ, ನೌಕೆಯೇ. ಆದರೆ ನೀರಿಲ್ಲ."

"ನೀರಿಲ್ಲದಿದ್ದರೆ ಅದು ನಿಲ್ಲುವುದು ಎಲ್ಲಿ?"

"ನಿಲ್ಲುವುದಿಲ್ಲ. ಯುದ್ಧ ಮಾಡುತ್ತಾ ಇರುತ್ತದೆ."

ನನ್ನ ಇನ್ನೊಂದು ಪಕ್ಕದಲ್ಲಿ ಮಾಮಿ ಇದ್ದರು. ಮಾಮಿ ಅಂದರೆ ನನ್ನ ಅತ್ತೆ. ಜೀವಮಾನವಿಡೀ ಮೀನು ಮಾರಿದವರು, ಗಂಡ ಬೋಟಿನಲ್ಲಿ, ಮಗ ಬೋಟಿನಲ್ಲಿ. ನೀರು ಮುಟ್ಟದ ವಸ್ತುವನ್ನು ಹಡಗು ಎಂದು ಒಪ್ಪುವುದು ಅವರಿಂದಾಗದು. ನಾನು ಮಾಡಿದ ಒಂದೇ ಒಂದು ನೌಕೆಯನ್ನೂ ಅವರು ಈವರೆಗೆ ನೌಕೆ ಎಂದು ಕರೆದಿರಲಿಲ್ಲ, "ನಿನ್ನ ಆ ಡಬ್ಬಿ" ಎನ್ನುತ್ತಿದ್ದರು. ನನಗೆ ಅದು ಬೇಸರವೇ. ಊರಿಡೀ ಹೊಗಳಿದರೂ ಮನೆಯ ಒಂದು ಮಾತಿಗೆ ಕಾಯುವುದು ಇರುತ್ತದಲ್ಲ, ಹಾಗೆ.

ಆ ದಿನ ಮಾಮಿ ನನ್ನ ತಲೆಯ ಮೇಲಿಂದಲೇ ಬಾಗಿ ಆ ಹೆಂಗಸಿಗೆ ಸಮಾಧಾನ ಹೇಳಿದರು. "ಇವಳು ಮದುವೆ ಮಂಟಪ ಮಾಡುವುದು. ಕೆಲಸ ಜಾಸ್ತಿ ಆದಾಗ ಹೀಗೆ ಮಾತಾಡುತ್ತಾಳೆ, ನೀವು ಊಟ ಮಾಡಿ."

ಮೊದಲ ಏಟು

ಕಾರ್ಕಳದಲ್ಲಿ ಮುಚ್ಚಿದ ಗೇರುಬೀಜದ ಫ್ಯಾಕ್ಟರಿಯೊಂದು ನಮ್ಮ ಸ್ಟುಡಿಯೋ. ದೃಶ್ಯಕ್ಕೆಂದು ಹೊಗೆ ಹಾಕಿದರೆ ಈಗಲೂ ಹುರಿದ ಬೀಜದ ಪರಿಮಳ, ನಟರಿಗೆ ಹನ್ನೊಂದು ಗಂಟೆಗೇ ಹಸಿವು.

ಡೈರೆಕ್ಟರರಿಗೆ ಆಯುಧದ ಹುಚ್ಚು. ಮುಂದೊಂದು ಮಹಾ ಫಿರಂಗಿ ಬೇಕು, ಎರಡು ಪಕ್ಕದಲ್ಲಿ ಕ್ಷಿಪಣಿ ಹಾರುವ ತೂತುಗಳು ಬೇಕು. ಫಿರಂಗಿಗೆ ದಪ್ಪ ಪಿವಿಸಿ ಪೈಪು ಹಾಕಿದೆ. ಸ್ವಿಚ್ ಒತ್ತಿದರೆ ಬಾಯಿಯಿಂದ ಹೊಗೆ ರಭಸವಾಗಿ ಬರಲಿ ಎಂದು ಒಳಗೆ ಪಂಕ್ಚರ್ ಅಂಗಡಿಯ ಹಳೆಯ ಗಾಳಿ ಟ್ಯಾಂಕು ಕೂರಿಸಿದೆ. ಕ್ಷಿಪಣಿಗೆ ಎಂತ ಮಾಡುವುದು ಎಂದು ಮಂಡೆಬಿಸಿಯಲ್ಲಿ ನಮ್ಮ ಮನೆಯ ಅಡುಗೆಕೋಣೆಗೆ ಹೋದರೆ, ಅಲ್ಲಿ ಸ್ಟೀಲಿನ ಇಡ್ಲಿ ತಟ್ಟೆಗಳು ಫಳಫಳ ಹೊಳೆಯುತ್ತಾ ಕೂತಿವೆ. ಗುಂಡಗುಂಡಗಿನ ಗುಳಿ, ನಡುವೆ ತಂತಿ ಕಟ್ಟಲು ತೂತು ಬೇರೆ. ಯಾವ ಎಂಜಿನಿಯರಿಗೂ ಅಷ್ಟು ಚಂದ ಮಾಡಲು ಬರಲಿಕ್ಕಿಲ್ಲ. ತಂದು ನೌಕೆಯ ಎರಡೂ ಪಕ್ಕಕ್ಕೆ ಕಟ್ಟಿದೆ.

ಎರಡು ದೃಶ್ಯ ಆಯಿತು. ಮೂರನೆಯದರಲ್ಲಿ ಶತ್ರುಗಳು ಸುತ್ತುವರಿದಿದ್ದಾರೆ, ಕೆಂಪು ದೀಪ ಮಿಣುಕುತ್ತಿದೆ, ಕ್ಯಾಮೆರಾ ಓಡುತ್ತಿದೆ. ಆಗ ಹೊಗೆಯ ನಡುವಿನಿಂದ ಸೆರಗು ಸಿಕ್ಕಿಸಿಕೊಂಡು ಮಾಮಿ ಬಂದರು. ಉಡುಪಿಯಿಂದ ಬಸ್ಸು ಹಿಡಿದು ಬಂದದ್ದು. ಯಾರ ಮುಖವನ್ನೂ ನೋಡದೆ ಸೀದಾ ನೌಕೆಯ ಹತ್ತಿರ ಹೋಗಿ ಎಡಪಕ್ಕದ ತಂತಿ ಬಿಚ್ಚತೊಡಗಿದರು.

"ಅಮ್ಮಾ, ಯುದ್ಧ ನಡೆಯುತ್ತಾ ಉಂಟು!" ಎಂದು ಡೈರೆಕ್ಟರರು ಕೂಗಿದರು.

"ನಡೆಯಲಿ, ನನ್ನದು ಅಡ್ಡಿ ಇಲ್ಲ. ಮನೆಗೆ ಅಳಿಯ ಬಂದಿದ್ದಾರೆ, ನಾಳೆ ಇಡ್ಲಿಗೆ ತಟ್ಟೆ ಇಲ್ಲ."

ಬಿಚ್ಚಿಕೊಂಡು ಹೋದರು. ಎಡಗಡೆ ನೌಕೆ ಬೋಳು. ಡೈರೆಕ್ಟರರು ಕಥೆಯನ್ನೇ ಬದಲಿಸಿದರು: ಶತ್ರುವಿನ ದಾಳಿಗೆ ಎಡಭಾಗದ ಕ್ಷಿಪಣಿಗಳೆಲ್ಲ ನಾಶ. ಮುಂದೆ ಟಿವಿಯಲ್ಲಿ ನೋಡಿದವರು ಶತ್ರುವಿಗೆ ಬೈದರು. ಹೊಡೆದದ್ದು ಯಾರೆಂದು ಅಲ್ಲಿದ್ದ ನಮಗೂ ಇಡ್ಲಿ ತಿಂದ ಅಳಿಯನಿಗೂ ಮಾತ್ರ ಗೊತ್ತು.

ಬೂದಿ ಬಣ್ಣ

ಕೊನೆಯ ದೃಶ್ಯಕ್ಕೆ ಅದೇ ಫಿರಂಗಿ ಕೂರಿಸಿ ಇನ್ನೊಂದು ದೊಡ್ಡ ನೌಕೆ ಮಾಡಿದೆ. ಯುದ್ಧನೌಕೆಗೆ ಬೂದಿ ಬಣ್ಣವೇ ಆಗಬೇಕು, ಮಾಸಿ ಹೋದ ಹಾಗೆ ಕಾಣಬೇಕು ಎಂದು ಡೈರೆಕ್ಟರರ ಹಟ. ನನ್ನ ಶೆಡ್ಡಿನ ಪೈಂಟರಣ್ಣ ಮೂಲತಃ ಮೀನುಗಾರಿಕೆ ಬೋಟುಗಳಿಗೆ ಬಣ್ಣ ಹೊಡೆಯುವವರು. ಬೂದಿ ಬಣ್ಣದ ಡಬ್ಬ ಅವರ ಕೈಗೆ ಕೊಟ್ಟು ನಾನು ಬೇರೆ ಮದುವೆಗೆ ಹೋದೆ.

ಬಂದು ನೋಡಿದರೆ ನೌಕೆ ನೀಲಿ, ಅರಶಿನ, ಕೆಂಪು. ಮೂತಿಯ ಎರಡೂ ಬದಿ ಕಮಲ. ಪಕ್ಕದಲ್ಲಿ "ಶ್ರೀ ದೇವಿ ಪ್ರಸಾದ". ಸಾಲದ್ದಕ್ಕೆ ಎರಡೂ ಕಡೆ ಹಳೆಯ ಟಯರು ನೇತಾಡುತ್ತಿವೆ.

ಡೈರೆಕ್ಟರರು ನೌಕೆಗೆ ಒಂದು ಸುತ್ತು ಬಂದರು. ಕೊನೆಗೆ, "ಆ ಟಯರು ಎಂತಕ್ಕೆ?" ಎಂದರು.

"ಪಕ್ಕದ ಬೋಟು ಬಂದು ತಾಗಿದರೆ ಬಣ್ಣ ಹೋಗುವುದಿಲ್ವಾ ಸರ್?"

"ಅಣ್ಣಾ, ಅಂತರಿಕ್ಷದಲ್ಲಿ ಪಕ್ಕದ ಬೋಟು ಎಲ್ಲಿಂದ ಬರುತ್ತದೆ?"

"ಬರದಿದ್ದರೆ ಯಾರೊಟ್ಟಿಗೆ ಯುದ್ಧ?"

ನಾನು ಮುಖ ತಿರುಗಿಸಿ ನಗು ನುಂಗಿದೆ. ಡೈರೆಕ್ಟರರು ಬಿಡಲಿಲ್ಲ. "ಟಯರು ಇರಲಿ. ಬೂದಿ ಬಣ್ಣ ಯಾಕೆ ಹೊಡೆಯಲಿಲ್ಲ?"

"ಬೂದಿ ಹೊಡೆದರೆ ದೂರದಿಂದ ಕಾಣುವುದಿಲ್ಲ ಸರ್."

"ಕಾಣಬಾರದು! ಅದು ಯುದ್ಧನೌಕೆ!"

ಪೈಂಟರಣ್ಣ ಬ್ರಶ್ಶು ಒರೆಸುತ್ತಾ ಹೇಳಿದರು, "ಕಾಣುವುದೇ ಬೇಡ ಎಂದಾದರೆ ಟಿವಿಯಲ್ಲಿ ಯಾಕೆ ಹಾಕುವುದು?"

ವಾದ ಮುಗಿಯದೆ ಯುದ್ಧವಿಲ್ಲ

ಶತ್ರು ಸೇನಾಧಿಪತಿಯ ಪಾತ್ರಕ್ಕೆ ಡೈರೆಕ್ಟರರು ಯಕ್ಷಗಾನದ ರಾಕ್ಷಸ ವೇಷದ ಕಲಾವಿದರೊಬ್ಬರನ್ನು ತಂದರು. ಏನು ಆಳು, ಏನು ಕಂಠ! ಬಾಯಿ ತೆರೆದರೆ ಫ್ಯಾಕ್ಟರಿಯ ಶೀಟು ನಡುಗುತ್ತಿತ್ತು. ದೃಶ್ಯ ಸುಲಭದ್ದು. ನಮ್ಮ ನೌಕೆಯ ನಾಯಕಿ "ಶರಣಾಗು" ಎನ್ನಬೇಕು, ಇವರು "ಇಲ್ಲ" ಎನ್ನಬೇಕು, ಲೇಸರ್ ಬೀಳಬೇಕು, ಇವರು ಸಾಯಬೇಕು.

ನಾಯಕಿ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. "ಶರಣಾಗು" ಎಂದಳು.

ಸೇನಾಧಿಪತಿಗಳು ಗಹಗಹಿಸಿ ನಕ್ಕರು. "ಶರಣಾಗು ಎಂದೆಯಲ್ಲ! ಶರಣಾಗತಿ ಎಂದರೆ ಯಾವುದು? ದೇಹದ್ದೋ, ಮನಸ್ಸಿನದ್ದೋ? ದೇಹ ಬಾಗಿದರೆ ಮನಸ್ಸು ಬಾಗಿತು ಎಂದು ಹೇಗೆ ತಿಳಿಯುವೆ? ಹೇಳು!"

ಹುಡುಗಿ ಡೈರೆಕ್ಟರರ ಮುಖ ನೋಡಿದಳು. ಡೈರೆಕ್ಟರರು ನನ್ನ ಮುಖ ನೋಡಿದರು. ನಾನು ಲೇಸರ್ ಬಿಟ್ಟೆ. ಕೆಂಪು ಬೆಳಕು ಅವರ ಎದೆಯ ಮೇಲೆ ಬಿತ್ತು. ಅವರು ಅದನ್ನು ಅಂಗೈಯಿಂದ ಸರಿಸಿ, "ಸ್ವಲ್ಪ ತಡೆಯಿರಿ. ಅವಳು ಉತ್ತರ ಕೊಡಲಿಲ್ಲ" ಎಂದರು.

"ಸರ್, ನೀವು ಈಗ ಸಾಯಬೇಕು" ಎಂದು ಡೈರೆಕ್ಟರರು ಕೈಮುಗಿದರು.

"ಹೇಗೆ ಸಾಯುವುದು? ವಾದದಲ್ಲಿ ನಾನು ಸೋತಿಲ್ಲವಲ್ಲ. ಗೆದ್ದವನು ಸತ್ತರೆ ನೋಡುವವರು ಒಪ್ಪುತ್ತಾರಾ? ಉತ್ತರ ಬಾರದೆ ನಾನು ಸಾಯುವವನಲ್ಲ."

ಮಧ್ಯಾಹ್ನದವರೆಗೆ ಲೇಸರ್ ಬಿಟ್ಟೆವು. ಅವರು ಪ್ರತಿ ಸಲವೂ ಹೊಸ ಪ್ರಶ್ನೆ ಕೇಳಿದರು. ಆ ದಿನ ಸತ್ತದ್ದು ಬ್ಯಾಟರಿ ಮಾತ್ರ.

ಕಾಪುವಿನಲ್ಲಿ ಬಂದ ಉತ್ತರ

ಹಾಗೆ ಅವರ ಸಾವು ಕೊನೆಯ ದೃಶ್ಯಕ್ಕೆ ಹೋಯಿತು. ಕಾಪು ಕಡಲಕಿನಾರೆ, ಹಿಂದೆ ದೀಪಸ್ತಂಭ, ಇಳಿಯುತ್ತಿರುವ ಸೂರ್ಯ. ನಮ್ಮ ದೊಡ್ಡ ನೌಕೆ ನೀರಿನ ಅಂಚಿನಲ್ಲಿ ನಿಂತಿದೆ. ಓಮ್ನಿ ಕಾರಿನಷ್ಟು ಉದ್ದ, ಒಳಗೆ ಪ್ಲೈವುಡ್, ಹೊರಗೆ ಥರ್ಮಾಕೋಲು ಮತ್ತು ಫೈಬರು. ಎದುರು ಸೇನಾಧಿಪತಿಗಳು ಸಾಯಬೇಕು, ಆಮೇಲೆ ಕ್ರೇನಿನ ತಂತಿಯಲ್ಲಿ ನೌಕೆ ಮೆಲ್ಲ ಆಕಾಶಕ್ಕೆ ಏರಬೇಕು. ಚಾನೆಲ್ಲಿನ ದೊಡ್ಡವರು ಬಂದು ಕುರ್ಚಿಯಲ್ಲಿ ಕೂತಿದ್ದರು. ನಗದ ಮುಖ. ಎರಡು ಸಲ ವಾಚು ನೋಡಿದರು. ಶೆಡ್ಡಿನ ಅನ್ನ ಆ ಮನುಷ್ಯನ ಒಂದು ಮಾತಿನಲ್ಲಿ ಇತ್ತು.

ಅಷ್ಟರಲ್ಲಿ ಮಾಮಿ ಬಂದರು. ಕೈಯಲ್ಲಿ ತೆಂಗಿನಕಾಯಿ, ಒಂದು ಚೆಂಡು ಮಲ್ಲಿಗೆ, ಒಂದು ಲಿಂಬೆಹಣ್ಣು.

"ಮಾಮಿ, ಇವತ್ತು ಬೇಡ, ದೊಡ್ಡವರು ಬಂದಿದ್ದಾರೆ."

"ಸಮುದ್ರಕ್ಕಿಂತ ದೊಡ್ಡವರಾ? ಡಬ್ಬಿಯೋ ಗಿಬ್ಬಿಯೋ, ನೀರಿನ ಬದಿಯಲ್ಲಿ ಸುಮ್ಮನೆ ನಿಲ್ಲಿಸಬಾರದು."

ಮಾಮಿಯೊಟ್ಟಿಗೆ ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಇಲ್ಲ. ಮೂತಿಗೆ ಮಲ್ಲಿಗೆ ಮುಡಿಸಿದರು, ಕಾಯಿ ಒಡೆದರು. ಲಿಂಬೆಹಣ್ಣು ಎಲ್ಲಿಡುವುದು? ವಾಹನವಾದರೆ ಚಕ್ರದಡಿ ಇಡಬಹುದು, ಇದಕ್ಕೆ ಚಕ್ರವೇ ಇಲ್ಲ. ಸುತ್ತಲೂ ನೋಡಿ, ಮಹಾ ಫಿರಂಗಿಯ ಬಾಯಿಯೊಳಗೆ ತುರುಕಿ, ಕೈಮುಗಿದು ನಿಂತರು. ತೆಗೆಯೋಣ ಎಂದರೆ ಡೈರೆಕ್ಟರರು "ಬೆಳಕು ಹೋಗುತ್ತದೆ, ಆಕ್ಷನ್!" ಎಂದಾಗಿತ್ತು.

ಸೇನಾಧಿಪತಿಗಳು ಶುರು ಮಾಡಿದರು. "ಎಲೈ ಹೆಣ್ಣೇ! ಅಂದು ಕೇಳಿದ ಪ್ರಶ್ನೆಗೆ ಇಂದಾದರೂ ಉತ್ತರ ಉಂಟೋ?"

ಹುಡುಗಿ ಪಾಪ, ಈ ಸಲ ಓದಿಕೊಂಡು ಬಂದಿದ್ದಳು. ಆದರೆ ಬಾಯಿ ತೆರೆಯಲು ಅವರು ಬಿಡಬೇಕಲ್ಲ! ಕ್ರೇನಿನ ಕೊಕ್ಕೆ ಇನ್ನೂ ಸಿಕ್ಕಿಸಿರಲಿಲ್ಲ. ನಾನು ಫಿರಂಗಿಯ ಸ್ವಿಚ್ ಹಿಡಿದು ಕಾಯುತ್ತಿದ್ದೆ.

ಅಲ್ಲೇ ಆಚೆ ಬಲೆ ಬಿಡಿಸುತ್ತಿದ್ದ ಜನರು ಇದನ್ನೆಲ್ಲ ನೋಡುತ್ತಿದ್ದರು. ಅವರಿಗೆ ಕಂಡದ್ದು ಎಂತ? ಹೊಸ ಬಣ್ಣದ ಬೋಟು. ಕಮಲ, ಟಯರು, ದೇವರ ಹೆಸರು. ಮಲ್ಲಿಗೆ ಮುಡಿಸಿ ಆಗಿದೆ, ಕಾಯಿ ಒಡೆದು ಆಗಿದೆ, ಯಜಮಾನ್ತಿ ಕೈಮುಗಿದು ನಿಂತಿದ್ದಾರೆ. ನೀರಿಗೆ ಇಳಿಸುವವರು ಮಾತ್ರ ಇಲ್ಲ, ಯಾರೋ ಒಬ್ಬ ನಿಂತು ಭಾಷಣ ಮಾಡುತ್ತಿದ್ದಾನೆ. ಕಡಲ ಬದಿಯಲ್ಲಿ ಒಬ್ಬರ ಬೋಟು ಇಳಿಸುವಾಗ ಕಂಡವರೆಲ್ಲ ಕೈಕೊಡುವುದು ಮರ್ಯಾದೆ, ಕರೆಯಬೇಕೆಂದಿಲ್ಲ. ಬಲೆ ಬಿಟ್ಟು ಓಡಿ ಬಂದವರೇ ಹೋ ಎಂದು ಕೂಗಿ ಹೆಗಲು ಕೊಟ್ಟರು.

"ಅಯ್ಯೋ ದೇವರೇ!" ಎಂದು ನಾನು ಬೆಚ್ಚಿಬಿದ್ದೆ. ಬೆಚ್ಚಿದ ರಭಸಕ್ಕೆ ಸ್ವಿಚ್ ಒತ್ತಿಬಿಟ್ಟೆ.

ಢಬ್!

ಪಂಕ್ಚರ್ ಅಂಗಡಿಯ ಗಾಳಿ, ಮಾಮಿಯ ಲಿಂಬೆ. ಹೊಗೆ ಸೀಳಿಕೊಂಡು ಹೋಗಿ ಸೇನಾಧಿಪತಿಗಳ ಎದೆಯ ಕವಚಕ್ಕೆ ಠಣ್ ಎಂದು ಬಡಿಯಿತು. ಅವರ ಮಾತು ನಿಂತಿತು. ಬಿದ್ದ ಲಿಂಬೆಹಣ್ಣು ನೋಡಿದರು. ಫಿರಂಗಿ ನೋಡಿದರು. ಎರಡೂ ಕೈ ಆಕಾಶಕ್ಕೆ ಎತ್ತಿ, ದೀಪಸ್ತಂಭಕ್ಕೂ ಕೇಳುವ ಹಾಗೆ, "ಆಹಾ! ಇಗೋ ಬಂತು ಉತ್ತರ!" ಎಂದು ಮೂರು ಸುತ್ತು ತಿರುಗಿ ಮರಳಿನಲ್ಲಿ ಬಿದ್ದು ಸತ್ತರು. ಅಂಥ ಸಾವು ನಾನು ಎಲ್ಲೂ ನೋಡಿಲ್ಲ.

ಅಷ್ಟರಲ್ಲಿ ನನ್ನ ನೌಕೆ ಸಮುದ್ರಕ್ಕೆ ಇಳಿದಾಗಿತ್ತು. ತಿಂಗಳುಗಟ್ಟಲೆ ಕೈಯಾರೆ ಕೊರೆದದ್ದು, ಅಲೆಯ ಮೇಲೆ ಕುಣಿಯುತ್ತಾ ಹೊರಟಿತು. ನನಗೆ ಅಳುವೇ ಬಂತು. ಪೈಂಟರಣ್ಣ ಪಕ್ಕಕ್ಕೆ ಬಂದು, "ಅಳಬೇಡಿ ಅಕ್ಕಾ. ಎಷ್ಟು ದೂರ ಹೋದರೂ ಕಾಣುತ್ತದೆ. ಬೂದಿ ಹೊಡೆದಿದ್ದರೆ?" ಎಂದರು. ಆಚೆಯಿಂದ ಬರುತ್ತಿದ್ದ ದೋಣಿಯವರು ಅದಕ್ಕೆ ಹಗ್ಗ ಕಟ್ಟಿ ಎಳೆದು ತಂದರು. ದೋಣಿಗೆ ತಾಗಿ ತಾಗಿ ಬಂದರೂ ಬಣ್ಣ ಒಂದಿಷ್ಟೂ ಹೋಗಿರಲಿಲ್ಲ.

ಹೆದರಿಕೊಂಡು ಕುರ್ಚಿಯ ಕಡೆ ನೋಡಿದೆ. ಕುರ್ಚಿ ಖಾಲಿ. ಚಾನೆಲ್ಲಿನ ದೊಡ್ಡವರು ಮೊಣಕಾಲು ನೀರಿನಲ್ಲಿ ನಿಂತು, ಹಗ್ಗದ ತುದಿ ಹಿಡಿದು ನೌಕೆ ಎಳೆಯುತ್ತಾ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. "ಕ್ಯಾಮೆರಾ ನಿಲ್ಲಿಸಲಿಲ್ಲ ತಾನೇ?" ಎಂದು ಕೇಳಿದರು. ಡೈರೆಕ್ಟರರು ಇಲ್ಲ ಎಂದರು. "ಊರಿನವರೇ ಹೆಗಲು ಕೊಟ್ಟು ಯುದ್ಧಕ್ಕೆ ಕಳುಹಿಸುವ ನೌಕೆ! ಬೆಂಗಳೂರಿನ ಕಂಪ್ಯೂಟರಿಗೆ ಇದು ಬರುತ್ತದಾ? ಇನ್ನು ಎಲ್ಲ ನೌಕೆಯೂ ಇವರೇ ಮಾಡಲಿ. ಆ ಹಳದಿ ಕ್ಷಿಪಣಿ ಮುಂದಿನ ಕಂತಿಗೂ ಬೇಕು."

ಸಂತೋಷದಲ್ಲಿ ನಾನು ಮಾಮಿಯನ್ನು ಹುಡುಕಿದೆ. ಅವರು ನೌಕೆಯ ಸುತ್ತ ಬಂದು, ತಳಕ್ಕೆ ಕೈಯಾಡಿಸಿ, ಒಳಗೆ ನೀರು ನುಗ್ಗಿದೆಯೋ ಎಂದು ನೋಡುತ್ತಿದ್ದರು. ಒಂದು ಹನಿಯೂ ಇರಲಿಲ್ಲ.

ದೋಣಿಯವರಲ್ಲಿ ಒಬ್ಬರು ಕೇಳಿದರು, "ಯಾರದ್ದು ಈ ಬೋಟು? ಎಂಜಿನ್ನೇ ಇಲ್ಲವಲ್ಲ?"

ಮಾಮಿ ಸೆರಗು ಸರಿಮಾಡಿಕೊಂಡರು.

"ಬೋಟು ಅಲ್ಲ, ಯುದ್ಧನೌಕೆ. ನನ್ನ ಸೊಸೆ ಮಾಡಿದ್ದು. ಪುರುಸೊತ್ತಿದ್ದರೆ ಮದುವೆ ಮಂಟಪವೂ ಮಾಡುತ್ತಾಳೆ."