ನಮ್ಮ ಮನೆಯ ವಿಚಾರಣಾ ಕೌಂಟರ್ ಮುಚ್ಚಿದ್ದು

ನಡುವಯಸ್ಸಿನ ತಳಮಳ ಎಂಬುದು ನನ್ನ ಹತ್ತಿರವೂ ಸುಳಿಯುವುದಿಲ್ಲ ಎಂದು ಮನೆಯವರೆಲ್ಲರ ಮುಂದೆ ನಾನು ಘೋಷಿಸಿದೆ. ಘೋಷಿಸುವುದು ನನ್ನ ಉದ್ಯೋಗ. ದೊಡ್ಡ ಬಸ್ ನಿಲ್ದಾಣದ ಗಾಜಿನ ಗೂಡೊಂದರಲ್ಲಿ ಕುಳಿತು, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿನಿಂದ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವವಳು ನಾನು. ನನ್ನ ದನಿ ಕೇಳಿ ಓಡದ ಪ್ರಯಾಣಿಕನಿಲ್ಲ. ಎರಡನೇ ಸಲ ಹೇಳಿದರೆ ಟೀ ಕುಡಿಯುತ್ತಿರುವ ಡ್ರೈವರುಗಳೂ ಓಡುತ್ತಾರೆ. ಇಂಥ ದನಿಯಲ್ಲಿ ಹೇಳಿದ ಮಾತನ್ನು ಮನೆಯವರು ನಂಬಬೇಕಿತ್ತು.

ನಂಬಲಿಲ್ಲ. ನನ್ನ ಮಗಳು ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುತ್ತಾಳೆ. ಆ ವಿಷಯ ಓದುವ ಮಕ್ಕಳಿಗೆ ಮನೆಯಲ್ಲೇ ರೋಗಿಗಳು ಬೇಕು.

"ಐವತ್ತರ ಹತ್ರ ಬಂದ ಹೆಂಗಸರಿಗೆ ಯಾಕೆ ಹೀಗಾಗುತ್ತೆ ಅಂತ ಇವತ್ತು ಕ್ಲಾಸಲ್ಲಿ ಹೇಳಿದ್ರು" ಎಂದು ಊಟಕ್ಕೆ ಕುಳಿತಾಗ ಶುರುಮಾಡಿದಳು.

"ಹೀಗೆ ಅಂದ್ರೆ ಹೇಗೆ?"

"ಸುಮ್ಸುಮ್ನೆ ರೇಗೋದು. ನಾನಿಲ್ದಿದ್ರೆ ಇವರ ಗತಿ ಏನು ಅನ್ನೋದು. ಆಮೇಲೆ, ನಾನು ಯಾರಿಗೂ ಬೇಡ ಅಂತ ಅಳೋದು."

"ನಾನು ಯಾವತ್ತೇ ರೇಗಿದ್ದೀನಿ?" ಎಂದು ರೇಗಿದೆ. ಗಂಡ ತಟ್ಟೆ ನೋಡಿಕೊಂಡು ನಕ್ಕರು. ಅತ್ತೆ ನಗಲಿಲ್ಲ. ಅವರು ಹೆಚ್ಚು ಮಾತಿನವರಲ್ಲ, ಊಟ ಮುಗಿಸಿ ಮೂಲೆಯ ತಮ್ಮ ಕುರ್ಚಿಗೆ ಹೋಗಿ ಕುಳಿತರು.

ಅಲ್ಲ, ರೇಗದೆ ಏನು ಮಾಡಲಿ? ಹಗಲೆಲ್ಲ ನಿಲ್ದಾಣದಲ್ಲಿ ಬಸ್ಸೆಲ್ಲಿ, ಬಸ್ಸೆಲ್ಲಿ ಎಂಬುದಕ್ಕೆ ಉತ್ತರ ಹೇಳಿ ಮನೆಗೆ ಬಂದರೆ ಇಲ್ಲೂ ಅದೇ ರಗಳೆ. ನನ್ನ ಗಂಡ ಕೈಗಡಿಯಾರ ರಿಪೇರಿ ಮಾಡುತ್ತಾರೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಎಳ್ಳಿನಷ್ಟು ಸ್ಕ್ರೂ ನೆಲಕ್ಕೆ ಬಿದ್ದರೂ ಹುಡುಕಿ ತೆಗೆಯುವ ಆ ಕಣ್ಣಿಗೆ, ತಮ್ಮದೇ ಹೆಗಲ ಮೇಲಿನ ಟವೆಲ್ ಕಾಣುವುದಿಲ್ಲ. ಮಗಳಿಗೆ ಚಾರ್ಜರ್ ಕಾಣುವುದಿಲ್ಲ. ನಾನೋ, ಸ್ನಾನದ ಮನೆಯೊಳಗಿನಿಂದಲೇ "ಬೀರುವಿನ ಕೆಳಗಿನ ಅರೆ, ಎಡಗಡೆ, ನೀಲಿ ಸ್ವೆಟರಿನ ಹಿಂದೆ" ಎಂದು ಕೂಗಬಲ್ಲವಳು. ಈ ವಿಷಯದಲ್ಲಿ ನನ್ನ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ. ಜಂಬ ಅಂದರೆ ಅನ್ನಲಿ, ನಮ್ಮ ಮನೆಯ ಕಡ್ಡಿಪೆಟ್ಟಿಗೆಯಿಂದ ಕಪಾಟಿನವರೆಗೆ ಸಕಲವೂ ನನ್ನ ತಲೆಯಲ್ಲಿತ್ತು.

ಅದಕ್ಕೇ ಆ ರಾತ್ರಿಯ ಊಟದ ಬೆನ್ನಲ್ಲೇ ಎದ್ದು ನಿಂತು, ಗಂಟಲು ಸರಿಮಾಡಿಕೊಂಡೆ.

"ಎಲ್ಲರ ಗಮನಕ್ಕೆ. ನಾಳೆಯಿಂದ ಈ ಮನೆಯಲ್ಲಿ ವಿಚಾರಣಾ ಕೌಂಟರ್ ಮುಚ್ಚಲಾಗುತ್ತದೆ. ಯಾವ ವಸ್ತು ಎಲ್ಲಿದೆ ಅಂತ ಯಾರೂ ನನ್ನನ್ನ ಕೇಳೋ ಹಾಗಿಲ್ಲ. ಆಗುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ."

"ಎಲ್ಲೀವರೆಗೆ?" ಎಂದರು ಗಂಡ.

"ಮುಂದಿನ ಪ್ರಕಟಣೆಯವರೆಗೆ."

ಮಾರನೆಯ ಬೆಳಿಗ್ಗೆ ಕಾಫಿ ಲೋಟ ಹಿಡಿದು, ಮನೆಯ ಪತನವನ್ನು ನೋಡಲು ಅನುಕೂಲವಾದ ಜಾಗದಲ್ಲಿ ಕುಳಿತೆ. ಗಂಡ ಬೀರು ತೆಗೆದರು, ಟವೆಲ್ ತೆಗೆದುಕೊಂಡರು, ಹೋದರು. ಮಗಳು ಚಾರ್ಜರನ್ನು ಬ್ಯಾಗಿಗೆ ತುರುಕಿಕೊಂಡು ಹೋದಳು.

"ಟವೆಲ್ ಸಿಕ್ತಾ?" ಎಂದು ಆಮೇಲೆ ಗಾಳಿಗೆ ಬಿಟ್ಟಂತೆ ಕೇಳಿದೆ.

"ಅಲ್ಲೇ ಇತ್ತಲ್ಲ" ಎಂದರು.

ಅಲ್ಲೇ ಇತ್ತಂತೆ. ಇಷ್ಟು ವರ್ಷ ಅಲ್ಲೇ ಇದ್ದದ್ದಕ್ಕೆ ನನ್ನ ಗಂಟಲು ಹರಿದಿತ್ತು. ಆ ವಾರವೆಲ್ಲ ಹೀಗೇ ಕಳೆಯಿತು. ಯಾರೂ ಕೂಗಲಿಲ್ಲ, ಯಾರೂ ತಡಕಾಡಲಿಲ್ಲ. ಮನೆ ಕುಸಿದುಬೀಳಲಿ ಎಂದು ನಾನೇನೂ ಬಯಸಿರಲಿಲ್ಲ, ಆದರೆ ಒಂದು ಗೋಡೆಯಾದರೂ ಬಿರುಕು ಬಿಡಬಹುದಿತ್ತು. ನಿಜ ಹೇಳಿಬಿಡುತ್ತೇನೆ, ನನಗೆ ಬಹಳ ಸಂಕಟವಾಯಿತು.

ಆಗ ಮಾಡಿದೆ ನೋಡಿ ಆ ಘನಕಾರ್ಯ. ಗಂಡ ಕಣ್ಣಿಗೆ ಸಿಕ್ಕಿಸಿಕೊಂಡು ಕೆಲಸ ಮಾಡುವ ಪುಟ್ಟ ಭೂತಗನ್ನಡಿಯನ್ನು ಎತ್ತಿ, ಹೊಲಿಗೆ ಮಷೀನಿನ ಡ್ರಾಯರಿನಲ್ಲಿದ್ದ ಗುಂಡಿ ಡಬ್ಬಿಯೊಳಗೆ ಬಚ್ಚಿಟ್ಟೆ. ಒಂದೇ ಒಂದು ಸಲ ಕೇಳಲಿ, ಥಟ್ಟನೆ ಹೇಳಿಬಿಡುತ್ತೇನೆ ಎಂದುಕೊಂಡೆ. ಅವತ್ತು ರಿಪೇರಿಗೆ ಬಂದದ್ದೆಲ್ಲ ಗೋಡೆ ಗಡಿಯಾರಗಳೇ, ಭೂತಗನ್ನಡಿ ಬೇಕಾಗಲಿಲ್ಲ. ಮರುದಿನ ಮಧ್ಯಾಹ್ನ, ನಾನು ಒಂದು ಬಸ್ಸಿನ ಪ್ರಕಟಣೆ ಮುಗಿಸುವುದಕ್ಕೂ ನನ್ನ ಫೋನು ಬಡಿದುಕೊಳ್ಳುವುದಕ್ಕೂ ಸರಿಹೋಯಿತು.

"ಲೇ, ನನ್ನ ಭೂತಗನ್ನಡಿ ಎಲ್ಲಿ? ಗಿರಾಕಿ ಕಾಯ್ತಾ ಇದ್ದಾರೆ."

ಎಂಥ ಇಂಪಾದ ಮಾತು! ಕಾಲು ಚಾಚಿ ಕುರ್ಚಿಗೆ ಒರಗಿದೆ.

"ಹಾಗೆ ಬನ್ನಿ ದಾರಿಗೆ. ಮುಚ್ಚಿದ ಕೌಂಟರ್ ಬಡಿಯೋಕೆ ನಾಚಿಕೆ ಆಗಲ್ವಾ? ನಾನಿಲ್ದೆ ಒಂದು ವಾರ ತಳ್ಳಿದ್ರಲ್ಲ, ಈಗೇನಾಯ್ತು? ಹೋಗಲಿ ಪಾಪ, ಹೊಲಿಗೆ ಮಷೀನಿನ ಡ್ರಾಯರ್ ತೆಗೀರಿ. ಗುಂಡಿ ಡಬ್ಬಿ ಒಳಗಿದೆ."

"ಅಲ್ಲಿಗೆ ಹೇಗೆ ಹೋಯ್ತು?"

"ನಾನೇ ಇಟ್ಟೆ. ನೀವು ಕೇಳ್ಲಿ ಅಂತ."

ಆ ಕಡೆ ಡ್ರಾಯರ್ ಎಳೆದ ಸದ್ದು. ಗುಂಡಿ ಸುರಿದ ಸದ್ದು. "ಇಲ್ಲ ಕಣೇ. ಬರೀ ಗುಂಡಿ ಇದೆ."

"ಸರಿಯಾಗಿ ನೋಡ್ರಿ."

"ಒಂದೊಂದೇ ಗುಂಡಿ ನೋಡಿದೆ. ಇಲ್ಲ."

ನಾನು ಇಟ್ಟದ್ದು ಇಟ್ಟಲ್ಲಿ ಇಲ್ಲ ಎಂದರೆ, ನಾನು ಅಲ್ಲಿ ಇಟ್ಟೇ ಇಲ್ಲ ಎಂದರ್ಥ. ಹಾಗಾದರೆ ಎಲ್ಲಿಟ್ಟೆ? ಇವತ್ತು ಭೂತಗನ್ನಡಿ, ನಾಳೆ ಪ್ಲಾಟ್‌ಫಾರ್ಮು, ನಾಡಿದ್ದು ನನ್ನ ಹೆಸರು. "ಹಿಟ್ಟಿನ ಡಬ್ಬದಲ್ಲಿ ನೋಡ್ರಿ" ಎಂದೆ. "ನಿಮ್ಮ ಹಳೇ ಶೂ ಒಳಗೆ? ದಿಂಬಿನ ಚೀಲದಲ್ಲಿ?" ಎಲ್ಲದಕ್ಕೂ ಇಲ್ಲ ಎಂದೇ ಉತ್ತರ ಬಂತು. ನನ್ನ ದನಿ ಒಡೆಯಿತು. "ರೀ, ನಂಗೆ ಮರೆವು ಶುರುವಾಯ್ತಾ? ಇನ್ನು ನಾನು ಯಾರಿಗೂ ಬೇಡ್ವಾ?"

ಕಣ್ಣೊರೆಸಿಕೊಂಡು ತಲೆ ಎತ್ತಿದರೆ ಗಾಜಿನಾಚೆ ಹೆಂಗಸರ ಗುಂಪು. ನಿಲ್ದಾಣವೆಲ್ಲ ಗಪ್‌ಚಿಪ್.

"ಅಕ್ಕಾ, ಅಳಬೇಡಿ" ಎಂದಳು ಒಬ್ಬಳು, ಕಿಂಡಿಗೆ ಬಾಯಿಟ್ಟು. "ಚಳಿ ಕೋಟಿನ ಜೇಬಲ್ಲಿ ನೋಡೋಕೆ ಹೇಳಿ. ನಮ್ಮೆಜಮಾನ್ರ ಬೀಗದ ಕೈ ನಾನು ಅಲ್ಲೇ ಬಚ್ಚಿಡೋದು."

"ನಾನು ಸಕ್ಕರೆ ಡಬ್ಬದಲ್ಲಿ" ಎಂದಳು ಹಿಂದಿನವಳು.

ನಿಲ್ದಾಣದ ಎದುರಿನ ಹಲ್ಲಿನ ಆಸ್ಪತ್ರೆಯ ಬಿಳಿ ಕೋಟಿನ ಡಾಕ್ಟರಮ್ಮ ಮಾತ್ರ ಯೋಚಿಸುತ್ತ ನಿಂತಿದ್ದರು. "ನಾನಿನ್ನೂ ಶುರು ಮಾಡಿಲ್ಲ" ಎಂದರು. "ಒಳ್ಳೇ ಉಪಾಯ."

ಇವರಿಗೆಲ್ಲ ಹೇಗೆ ಗೊತ್ತಾಯಿತು ಎಂದು ಮೈಕಿನ ಕಡೆ ನೋಡಿದೆ. ಕೆಂಪು ದೀಪ ಉರಿಯುತ್ತಿತ್ತು. ಪ್ರಕಟಣೆಯ ನಂತರ ಸ್ವಿಚ್ ಆರಿಸಿರಲೇ ಇಲ್ಲ. ನನ್ನ ಸಂಸಾರ ಅಷ್ಟೂ ಪ್ಲಾಟ್‌ಫಾರ್ಮುಗಳಲ್ಲಿ ಪ್ರಸಾರವಾಗಿತ್ತು.

ನಿಲ್ದಾಣದ ಮೇಲಧಿಕಾರಿ ಏದುಸಿರು ಬಿಡುತ್ತ ಬಂದರು. ನನ್ನ ಕುರ್ಚಿಗೆ ಇನ್ನು ಎಳ್ಳುನೀರು ಎಂದುಕೊಂಡು ಎದ್ದು ನಿಂತೆ.

"ಮೇಡಂ, ಒಂದು ಬಸ್ಸೂ ಕದಲ್ತಾ ಇಲ್ಲ. ಡ್ರೈವರುಗಳನ್ನ ಕೇಳಿದ್ರೆ, ಅದು ಸಿಕ್ತೋ ಇಲ್ವೋ ತಿಳ್ಕೊಂಡೇ ಹೋಗೋದು ಅಂತಾರೆ. ಬೇಗ ಏನಾದ್ರೂ ಹೇಳಿ."

ಮೈಕಿಗೆ ಬಾಗಿದೆ. "ಪ್ರಯಾಣಿಕರ ಗಮನಕ್ಕೆ. ಭೂತಗನ್ನಡಿ ಇನ್ನೂ ಸಿಕ್ಕಿಲ್ಲ. ದಯವಿಟ್ಟು ಬಸ್ಸುಗಳು ಹೊರಡಲಿ." ಹೊರಟವು. ನನ್ನ ಮಾತು ಮುಗಿಯದೆ ಒಂದು ಚಕ್ರವೂ ಉರುಳುವುದಿಲ್ಲ ಎಂಬುದು ಅವತ್ತು ಲೋಕಕ್ಕೇ ಗೊತ್ತಾಯಿತು. ಆ ಹೆಮ್ಮೆ ಮನೆ ಬಾಗಿಲವರೆಗೂ ಜೊತೆಗೆ ಬಂತು, ಒಳಗೆ ಮಾತ್ರ ಬರಲಿಲ್ಲ.

ಒಳಗೆ ಗಂಡ ಹೊಲಿಗೆ ಮಷೀನನ್ನು ಗಡಿಯಾರದಂತೆ ಬಿಚ್ಚಿ ಹರಡಿಕೊಂಡು ಕುಳಿತಿದ್ದರು. ಮಗಳು ನನ್ನ ಮರೆವನ್ನು ಪರೀಕ್ಷಿಸಲು ಪೆನ್ನು ಹಿಡಿದು ತಯಾರಾಗಿದ್ದಳು.

"ಅಮ್ಮಾ, ನೂರರಿಂದ ಏಳೇಳು ಕಳೀತಾ ಹೋಗು."

"ಅದು ನಂಗೆ ನಿನ್ನ ವಯಸ್ಸಲ್ಲೂ ಬರ್ತಿರಲಿಲ್ಲ ಕಣೇ."

"ನಾಳೆ ಡಾಕ್ಟರ ಹತ್ರ ಹೋಗ್ಬರೋಣ" ಎಂದರು ಗಂಡ, ಎಂದೂ ಇಲ್ಲದ ಮೃದು ದನಿಯಲ್ಲಿ. ಅದನ್ನು ಕೇಳಿ ನನಗೆ ಇನ್ನಷ್ಟು ಭಯವಾಯಿತು. ತಲೆ ಹಿಡಿದುಕೊಂಡು ಕುಳಿತುಬಿಟ್ಟೆ.

ಆಗ ಮೂಲೆಯ ಕುರ್ಚಿಯಿಂದ ಅತ್ತೆ ಎದ್ದು ಬಂದರು. ಸ್ವೆಟರಿನ ಜೇಬಿನಿಂದ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು.

"ನಿನ್ನ ನೆನಪಿಗೆ ಏನೂ ಆಗಿಲ್ಲಮ್ಮ. ನೀನು ಗುಂಡಿ ಡಬ್ಬೀಲೇ ಇಟ್ಟಿದ್ದೆ, ಕುರ್ಚಿಯಿಂದ್ಲೇ ನೋಡ್ದೆ. ತೆಗ್ದುಕೊಂಡಿದ್ದು ನಾನು."

"ಯಾಕತ್ತೆ?"

"ನೀನು ಬರೋವರೆಗೂ ಈ ಮನೇಲಿ ಎಲ್ರೂ ನನ್ನನ್ನೇ ಕೇಳೋರು. ನೀನು ಬಂದ್ಮೇಲೆ ಒಂದು ಸೂಜಿ ಎಲ್ಲಿದೆ ಅಂತಾನೂ ಯಾರೂ ಕೇಳಿಲ್ಲ. ನೀನು ಕೌಂಟರ್ ಮುಚ್ತೀನಿ ಅಂದಾಗ, ಇನ್ನು ನನ್ನ ಹತ್ರ ಬರ್ತಾರೆ ಅಂದ್ಕೊಂಡೆ. ಒಬ್ರೂ ಬರಲಿಲ್ಲ. ಇದಕ್ಕಾದ್ರೂ ಬಂದು ಕೇಳ್ಲಿ ಅಂತ ತೆಗ್ದಿಟ್ಕೊಂಡೆ."

ಒಂದು ವಾರ ಯಾರೂ ಕೇಳದಿದ್ದಕ್ಕೆ ನಾನು ಮೈಕಿನಲ್ಲಿ ಅತ್ತು ಬಸ್ಸುಗಳನ್ನೇ ನಿಲ್ಲಿಸಿದ್ದೆ. ಇವರು ಇಷ್ಟು ವರ್ಷ ಮೂಲೆಯ ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದರು. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ನೆನಪು ನೆಟ್ಟಗಿದೆ ಎಂಬ ಸಂತೋಷಕ್ಕೆ ಆಮೇಲೆ ಪುರಸೊತ್ತು ಮಾಡಿಕೊಂಡೆ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಸಿದ್ಧಳಾಗಿ ಹಜಾರಕ್ಕೆ ಬಂದರೆ, ಅತ್ತೆಯ ಕುರ್ಚಿಯ ಮುಂದೆ ಆಗಲೇ ಒಂದೇ ಕಾಲ್ಚೀಲ ಹಿಡಿದ ಗಂಡ, ಅವರ ಹಿಂದೆ ಮಗಳು. ನಾನೂ ನನ್ನ ನಿಲ್ದಾಣದ ದನಿ ತೆಗೆದು ಕೇಳಿದೆ.

"ಅತ್ತೆ, ನನ್ನ ಕನ್ನಡಕ ಎಲ್ಲಿ?"

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಸಾಲಲ್ಲಿ ಬಾ. ಮೂಗಿನ ಮೇಲಿರೋ ಕನ್ನಡಕ ಕೇಳೋರು ಕೊನೇಲಿ ನಿಂತ್ಕೋಬೇಕು."

ನಿಂತೆ.