ಮಾವನವರ ಲಾರಿಗೆ ಮುಖ ಬಂದದ್ದು

ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದಾಗ ಫೋನು ಬಂತು. ಹೆದರುವವರಿಗೆ ಅವರೆಕಾಳು ಹಿತುಕುವುದು ಒಳ್ಳೆಯ ಕೆಲಸ. ಬೆರಳಿಗೆ ಕೆಲಸವಿರುತ್ತದೆ, ಬಾಯಲ್ಲಿ ದೇವರ ನಾಮವಿರುತ್ತದೆ, ಮನಸ್ಸು ಮಾತ್ರ ತನಗೆ ಬೇಕಾದ ಕಡೆ ಹೋಗಿ ಹೆದರಿಕೊಂಡು ಬರುತ್ತದೆ. ನಾನು ಹೆದರುವ ಪೈಕಿ. ಹಲ್ಲಿ ಲೊಚಗುಟ್ಟಿದರೆ ಹೆದರುತ್ತೇನೆ, ಲೊಚಗುಟ್ಟದಿದ್ದರೆ ಯಾಕೆ ಸುಮ್ಮನಿದೆ ಎಂದು ಹೆದರುತ್ತೇನೆ. ಆದರೆ ಆವತ್ತು ಬೆಳಿಗ್ಗೆಯಿಂದ ಹೆದರಲು ನನಗೆ ನಿಜವಾದ ಕಾರಣವೇ ಇತ್ತು.

ಫೋನು ಮಾಡಿದವರು ನಮ್ಮ ಯಜಮಾನರು. "ಅಪ್ಪನ್ನ ಆಸ್ಪತ್ರೆಯಿಂದ ಇವತ್ತೇ ಕಳಿಸಿಬಿಟ್ರು ಕಣೇ. ನಾಳೆ ಅಂದಿದ್ರಲ್ಲ, ಕಣ್ಣು ಚೆನ್ನಾಗಿದೆ, ಮನೆಗೆ ಹೋಗಿ ಅಂದ್ರು. ಚಿಕ್ಕಬಳ್ಳಾಪುರ ಬಿಟ್ವಿ. ಮುಕ್ಕಾಲು ಗಂಟೇಲಿ ಬರ್ತೀವಿ." ಅವರ ಮಾತಿನ ಹಿಂದಿನಿಂದ ಮಾವನವರ ದನಿ ಕೇಳಿಸಿತು. "ಲಾರಿ ಕೈಗೆ ಸಿಗೋ ಹಾಗೆ ಇಟ್ಟಿರು ಅನ್ನಪ್ಪ. ಹೊಸ ಕಣ್ಣಲ್ಲಿ ಮನೇಲಿ ಮೊದಲು ಅದನ್ನೇ ನೋಡ್ತೀನಿ."

ಕೈಯಲ್ಲಿದ್ದ ಕಾಳು ಸಿಪ್ಪೆ ಬಿಟ್ಟು ದೇವರ ಮನೆಯ ಹೊಸ್ತಿಲವರೆಗೆ ಹಾರಿತು.

ನಮ್ಮ ಮಾವನವರು ಚಿಂತಾಮಣಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಮಾತು ಕಡಿಮೆ. ನಾನು ಮದುವೆಯಾಗಿ ಶಿಡ್ಲಘಟ್ಟದ ಈ ಮನೆಗೆ ಬಂದು ಇಪ್ಪತ್ತೆರಡು ವರ್ಷವಾದರೂ ಅವರೆದುರು ಕುರ್ಚಿಯ ಮೇಲೆ ಕೂತವಳಲ್ಲ. ಅವರು ನನಗೆ ಒಂದು ದಿನವೂ ಬೈದಿಲ್ಲ, ಅದೇ ಭಯ. ಬೈಯುವವರಾದರೆ ಎಷ್ಟು ಬೈಯುತ್ತಾರೆಂದು ಗೊತ್ತಿರುತ್ತದೆ. ಇಂಥವರು ಮೂರು ವರ್ಷದ ಕೆಳಗೆ ಒಂದು ಭಾನುವಾರ, ಕಾರು ಲಾರಿಗಳು ಎದ್ದು ನಿಂತು ಯಂತ್ರಮಾನವರಾಗಿ ಹೊಡೆದಾಡುವ ಇಂಗ್ಲಿಷ್ ಸಿನಿಮಾವನ್ನು ಟಿವಿಯಲ್ಲಿ ತೆಲುಗು ಮಾತಿನಲ್ಲಿ ನೋಡಿದರು. ಮುಂದಿನ ಭಾನುವಾರ ಅದರ ಎರಡನೆಯ ಭಾಗ, ಅದರ ಮುಂದಿನ ಭಾನುವಾರ ಮೂರನೆಯದು. ಎಲ್ಲ ಮುಗಿದ ಮೇಲೆ, "ಅಷ್ಟು ವರ್ಷ ಬಸ್ಸಿನ ಕೆಳಗೆ ಮಲಗಿದ್ದೀನಿ. ಒಂದಾದರೂ ಎದ್ದು ನಿಲ್ಲಲಿಲ್ಲ ನೋಡಮ್ಮ," ಎಂದರು. ಅಷ್ಟು ಉದ್ದದ ಮಾತನ್ನು ಅವರು ನನ್ನೊಡನೆ ಆಡಿದ್ದು ಅದೇ ಮೊದಲು.

ಆಮೇಲೆ ಮಗನ ಕೈಲಿ ಆ ಸಿನಿಮಾದ ಆಟಿಕೆಗಳನ್ನು ತರಿಸಲು ಶುರು ಮಾಡಿದರು. ಮೊದಲು ಬಂದದ್ದು ಕೆಂಪು ಲಾರಿ. ಅದರ ಬಾಗಿಲು ಹೀಗೆ ತಿರುಗಿಸಿ, ಚಕ್ರ ಹಾಗೆ ಮಡಿಚಿದರೆ ಎರಡು ಕಾಲು, ಎರಡು ಕೈ, ಒಂದು ಮುಖ. ಈಗ ಒಟ್ಟು ಹನ್ನೊಂದಾಗಿವೆ. ನಾವು ಹಿಂದೆ ರೇಷ್ಮೆಹುಳು ಸಾಕುತ್ತಿದ್ದ ಕಾಲದ ಬಿದಿರು ತಟ್ಟೆಯ ಸ್ಟ್ಯಾಂಡನ್ನು ತೊಳೆಸಿ, ತಮ್ಮ ಕೋಣೆಯ ಗೋಡೆಗೆ ಒರಗಿಸಿ, ಅದರಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. ಸಿನಿಮಾ ನೋಡಿದ್ದು ತೆಲುಗಿನಲ್ಲಾದ್ದರಿಂದ ಅವುಗಳಿಗೆ ಕನ್ನಡ ಬರುವುದಿಲ್ಲವೆಂದು ಅವರ ನಂಬಿಕೆ. ಬೆಳಿಗ್ಗೆ ಎದ್ದು, "ಏಮಿರಾ, ನಿದ್ದರ ಪಟ್ಟಿಂದಾ?" ಎಂದು ವಿಚಾರಿಸುತ್ತಾರೆ. ನಮ್ಮ ನಿದ್ದೆಯ ವಿಷಯ ಅವರು ಇದುವರೆಗೆ ಕೇಳಿಲ್ಲ. ಮನೆಯವರಿಗೆಲ್ಲ ಒಂದೇ ಆಜ್ಞೆ, ಯಾರೂ ಮುಟ್ಟಬೇಡಿ. ಧೂಳನ್ನೂ ಅವರೇ ಊದುತ್ತಾರೆ.

ಹಾಗಿದ್ದೂ ಆ ಬೆಳಿಗ್ಗೆ ನಾನು ಮುಟ್ಟಿದೆ. ಪೊರೆ ತೆಗೆದ ಕಣ್ಣಿಗೆ ಧೂಳು ಬೀಳಬಾರದು ಎಂದು ಡಾಕ್ಟರು ಹೇಳಿದ್ದರಂತೆ. ಒದ್ದೆ ಬಟ್ಟೆ ಹಿಡಿದು, ರಾಮ ರಾಮ ಎನ್ನುತ್ತ ಮೇಲಿನ ತಟ್ಟೆಯಿಂದ ಒರೆಸುತ್ತ ಬಂದೆ. ನನ್ನ ಸೆರಗು ಕೆಂಪು ಲಾರಿಗೆ ಸಿಕ್ಕಿಕೊಂಡು ಅದು ನೆಲಕ್ಕೆ ಬಿತ್ತು. ಬಿದ್ದ ಪೆಟ್ಟಿಗೆ ಒಂದು ಕಾಲು ಚಾಚಿತು, ಬಾಗಿಲು ತೆರೆದುಕೊಂಡಿತು, ಎಂಜಿನ್ ಇರಬೇಕಾದ ಜಾಗದಿಂದ ಅರ್ಧ ಮುಖ ಮೇಲೆ ಬಂತು. ಒಂದೇ ಕಣ್ಣು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಮಾವನವರೂ ಆ ಹೊತ್ತಿಗೆ ಒಂದು ಕಣ್ಣಿಗೆ ಕಟ್ಟು ಕಟ್ಟಿಸಿಕೊಂಡು ಮಲಗಿದ್ದರು.

ಬೈಸಿಕೊಳ್ಳುವ ಭಯ ಆಗಲೇ ಸಣ್ಣದಾಯಿತು. ಅವರ ಕಣ್ಣಿಗೂ ಈ ಲಾರಿಗೂ ನಾನೇ ನನ್ನ ಕೈಯಾರೆ ಗಂಟು ಹಾಕಿಬಿಟ್ಟೆನೇನೋ ಎಂಬ ಭಯವೇ ದೊಡ್ಡದಾಯಿತು. ಮೊದಲು ಆಂಜನೇಯನಿಗೆ ತುಪ್ಪದ ದೀಪ ಹಚ್ಚಿದೆ. ಏನೂ ಮುರಿದಿರಲಿಲ್ಲ, ಅದು ಅವನ ದಯೆ. ಯಜಮಾನರು ಮನೆಯಲ್ಲಿರಲಿಲ್ಲ, ಅದು ಇನ್ನೊಂದು ದಯೆ. ಆಮೇಲೆ ಮುಖವನ್ನು ಒಳಕ್ಕೆ ಒತ್ತಿದೆ, ಇನ್ನೊಂದು ಕಾಲು ಹೊರಬಂತು. ಕಾಲು ಮಡಿಚಿದೆ, ಮುಖ ಪೂರ್ತಿ ಎದ್ದು ನನ್ನನ್ನೇ ನೋಡಿತು. ನಾಳೆ ಸಂಜೆಯವರೆಗೆ ಸಮಯವಿದೆ ಎಂದು ಅದರ ಮೇಲೊಂದು ಟವಲು ಹೊದಿಸಿ ಅವರೆಕಾಳಿನ ಮುಂದೆ ಕೂತಿದ್ದೆ. ಈಗ ಉಳಿದದ್ದು ಮುಕ್ಕಾಲು ಗಂಟೆ.

ಟವಲಿನ ಸಮೇತ ಅದನ್ನು ಎತ್ತಿಕೊಂಡು ಪಕ್ಕದ ಮನೆಯ ಶಮೀಮಕ್ಕನ ಹತ್ತಿರ ಓಡಿದೆ. ಅವರದು ರೇಷ್ಮೆ ನೂಲು ಬಿಚ್ಚುವ ಕೆಲಸ. ಕುದಿಯುವ ನೀರಿನಲ್ಲಿ ತೇಲುವ ಗೂಡುಗಳಿಂದ, ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಿ ಎತ್ತುವವರು.

"ಏನ್ ಸರೋಜಮ್ಮ, ಕೂಸಿಗೆ ಜ್ವರಾನಾ?" ಎಂದರು, ನನ್ನ ಕೈಯಲ್ಲಿದ್ದ ಗಂಟು ನೋಡಿ. ಬಿಚ್ಚಿ ತೋರಿಸಿದೆ. "ಯಾ ಅಲ್ಲಾ, ಇದು ನಿಮ್ಮ ಮಾವಂದಲ್ವಾ? ನೀವು ಮುಟ್ಟಿದ್ರಾ?"

"ನಗಬೇಡಿ ಅಕ್ಕ. ಅವರು ಬರ್ತಾವ್ರೆ."

"ನಗ್ತಿಲ್ಲ ತಾಯಿ, ನನಗೂ ಅವರಂದ್ರೆ ಹೆದರಿಕೇನೆ." ಕೈ ಒರೆಸಿಕೊಂಡು ಅದನ್ನು ಮಡಿಲಿಗೆ ಹಾಕಿಕೊಂಡರು. ನಾನು ಕಾಲು ಹಿಡಿದು ಎಳೆಯಲು ಹೋದರೆ ನನ್ನ ಕೈ ಮೇಲೆ ಮೆಲ್ಲಗೆ ಒಂದು ಏಟು. "ಎಳೀಬೇಡಿ. ತುದಿ ಸಿಗೋವರ್ಗೂ ಏನನ್ನೂ ಎಳೀಬಾರದು."

ಕಣ್ಣು ಮುಚ್ಚಿಕೊಂಡರು. ಬಿಸಿನೀರಿಗೆ ಬೆಂದು ಸುಕ್ಕಾದ ಆ ಬೆರಳುಗಳು ಲಾರಿಯ ಮೈಮೇಲೆಲ್ಲ ನಿಧಾನವಾಗಿ ನಡೆದಾಡಿದವು. ನಾನು ಮನಸ್ಸಿನಲ್ಲಿ ಹನುಮಾನ್ ಚಾಲೀಸಾ ಹೇಳುತ್ತಿದ್ದೆ, ಅರ್ಧಕ್ಕೆ ಮರೆತು ಮತ್ತೆ ಮೊದಲಿನಿಂದ ಹೇಳುತ್ತಿದ್ದೆ. ಬೆರಳು ಒಂದು ಕಡೆ ನಿಂತಿತು. ಟಕ್ ಎಂದಿತು. ಕಾಲು ಒಳಗೆ ಹೋಯಿತು. ಇನ್ನೊಂದು ಟಕ್, ಮುಖ ಮುಳುಗಿತು. ಕೊನೆಗೆ ಹಟ ಮಾಡಿದ್ದು ಎಡಗೈ. ಅದರ ಕೀಲಿನಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಗಂಟೊಂದು ಸಿಕ್ಕಿಕೊಂಡಿತ್ತಂತೆ, ಉಗುರಿನಿಂದ ಕೆರೆದು ತೆಗೆದು, ಕೈಯನ್ನೂ ಮಡಿಚಿದರು. ಲಾರಿ ಲಾರಿಯಾಗಿ ನಿಂತಿತು. ಅಷ್ಟರಲ್ಲಿ ನಮ್ಮ ಮನೆ ಮುಂದೆ ಆಟೋ ನಿಂತ ಸದ್ದಾಯಿತು. ಲಾರಿ ಎತ್ತಿಕೊಂಡು ಮನೆಗೆ ಓಡಿದೆ, ಶಮೀಮಕ್ಕನೂ ಹಿಂದೆಯೇ ಬಂದರು.

ಮಾವನವರು ಕಪ್ಪು ಕನ್ನಡಕ ಹಾಕಿಕೊಂಡು ಇಳಿದರು. ಕುರ್ಚಿಯಲ್ಲಿ ಕೂತವರೇ ಕೈ ಚಾಚಿದರು. ಮಂಗಳಾರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಶಮೀಮಕ್ಕ ಬಾಗಿಲಲ್ಲೇ ನಿಂತಿದ್ದರು. ಮಾವನವರು ಲಾರಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಬಲಗಡೆ ಸವರಿದರು, ಎಡಗಡೆ ಸವರಿದರು. ಎಡಗಡೆ ಬೆರಳು ನಿಂತಿತು.

"ಇದನ್ನ ಯಾರು ಮುಟ್ಟಿದ್ದು?"

ಸುಳ್ಳು ಹೇಳೋಣವೆಂದರೆ ದೇವರ ಮನೆಯಲ್ಲಿ ದೀಪ ಉರಿಯುತ್ತಿತ್ತು. "ನಾನೇ ಮಾವ. ಒರೆಸುವಾಗ ಬಿತ್ತು. ನನಗೆ ಸರಿ ಮಾಡೋಕೆ ಬರಲಿಲ್ಲ, ಶಮೀಮಕ್ಕ ಮಡಿಚಿಕೊಟ್ರು," ಎಂದೆ. ಬಾಗಿಲಲ್ಲಿದ್ದ ಶಮೀಮಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಮಾವನವರು ಎಡಗಡೆಯನ್ನು ಇನ್ನೊಮ್ಮೆ ಸವರಿದರು. ಆಮೇಲೆ, "ಎಡಗೈ ಒಳಕ್ಕೆ ಹೋಗಿದೆ," ಎಂದರು.

"ಹೋಗ್ಬೇಕಲ್ವೇನಪ್ಪ?" ಎಂದರು ಯಜಮಾನರು.

"ಹೋಗ್ಬೇಕು. ಮೂರು ವರ್ಷದಿಂದ ನನ್ನ ಕೈಲಿ ಹೋಗಿರಲಿಲ್ಲ. ಆ ಮಗ್ಗುಲು ಗೋಡೆ ಕಡೆ ತಿರುಗಿಸಿ ಇಟ್ಟಿದ್ದೆ." ಕನ್ನಡಕ ಸರಿಮಾಡಿಕೊಂಡು ದನಿ ತಗ್ಗಿಸಿದರು. "ಮೆಕ್ಯಾನಿಕ್ ಮನೇಲಿ ಕೈ ಮಡಿಚೋಕೆ ಬರದ ಲಾರಿ ಇದೆ ಅಂತ ಗೊತ್ತಾದ್ರೆ ಹೆಂಗಿರುತ್ತೆ ಹೇಳಮ್ಮ? ಅದಕ್ಕೇ ಮುಟ್ಟಬೇಡಿ ಅಂದದ್ದು. ಮಿಕ್ಕಿದವುಗಳಲ್ಲೂ ಐದಾರು ಹಂಗೇ ಅವೆ. ಶಮೀಮಮ್ಮ, ಒಳಗೆ ಬಾರಮ್ಮ, ಕೂತ್ಕೋ."

ಶಮೀಮಕ್ಕ ಕೂತರು. ಮಾವನವರು ನನಗೂ ಒಂದು ಕುರ್ಚಿ ಎಳೆದುಕೊಳ್ಳಲು ಹೇಳಿದರು. ಕೂತೆ, ಅರ್ಧ ಕುರ್ಚಿಯಲ್ಲಿ. ಒಂದೊಂದೇ ಲಾರಿ, ಕಾರು, ಜೀಪು ಕೆಳಗಿಳಿದವು. ಅವರಿಬ್ಬರೂ ಕೀಲುಗಳ ವಿಷಯ ಮಾತಾಡತೊಡಗಿದರು. ಮೂರು ವರ್ಷ ಆ ಕೋಣೆಯ ಮುಂದೆ ತುದಿಗಾಲಲ್ಲಿ ನಡೆದಿದ್ದೆ. ಒಳಗಿದ್ದವರು ನನಗಿಂತ ಹೆಚ್ಚು ಹೆದರಿದ್ದರೆಂದು ತಿಳಿದಾಗ ಎದೆ ಹಗುರವಾಯಿತು.

ಆ ಹಗುರ ಬಹಳ ಹೊತ್ತು ನಿಲ್ಲಲಿಲ್ಲ. "ಇನ್ನು ಮೇಲೆ ಶುಕ್ರವಾರ ಶುಕ್ರವಾರ ಇವನ್ನೆಲ್ಲ ನೀನೇ ಒರೆಸಿಬಿಡಮ್ಮ, ನಾನು ಬಗ್ಗಬಾರದಂತೆ," ಎಂದರು ಮಾವನವರು. ಹನ್ನೊಂದು ಮುಖ, ಇಪ್ಪತ್ತೆರಡು ಕೈ, ಇಪ್ಪತ್ತೆರಡು ಕಾಲು. ಭಯವಿದ್ದಷ್ಟು ದಿನ ನನಗೆ ಒರೆಸುವ ಕೆಲಸ ಒಂದು ಕಡಿಮೆ ಇತ್ತು ಎಂಬುದು ಆಗ ಹೊಳೆಯಿತು. ಇಷ್ಟು ವರ್ಷ ದೇವರು ಮಾಡಿದ ಉಪಕಾರಗಳನ್ನು ಎಣಿಸಿಕೊಂಡು ಬಂದವಳು ಆ ಒಂದನ್ನು ಮಾತ್ರ ಎಣಿಸಿರಲಿಲ್ಲ.

"ಆಗಲಿ ಮಾವ," ಎಂದು ಎದ್ದು ಹೋಗಿ ಮುದ್ದೆಗೆ ಎಸರಿಟ್ಟೆ.